ಹೆಸರಿನ ಮೊದಲು ಒಂದು ‘ಲೇಟ್’

ಆಂಧ್ರದ ಗಡಿಯೂರು ಆದವಾನಿಯಲ್ಲಿ ಮಹೇಶ್ವರಿ ಟೀಚರಿಗೆ ಹೆದರದ ಬೋರ್ಡಿಲ್ಲ. ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಆಕೆಯ ಮನೆ. ಸಂಜೆ ನಾಲ್ಕಕ್ಕೆ ಮುಂದಿನ ಕೋಣೆಯಲ್ಲಿ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ತಪ್ಪು ಕಂಡು ಸುಮ್ಮನಿರುವುದು ಆಕೆಯ ಜಾಯಮಾನದಲ್ಲೇ ಇಲ್ಲ. ಬೇಕರಿಯವನು ‘ಫ್ರೆಶ್ಲಿ ಬ್ರೆಡ್’ ಎಂದು ಬರೆಸಿದ್ದಕ್ಕೆ ಉರಿಬಿಸಿಲಲ್ಲಿ ನಿಂತು ಪಾಠ ಮಾಡಿ, ಆ ‘ಲಿ’ಯನ್ನು ಅಳಿಸಿಹಾಕಿಸಿಯೇ ಮನೆಗೆ ಬಂದವಳು. ಪಾಪ, ಅವನು ಎರಡು ಬನ್ನು ಕೊಟ್ಟು ಕೈಮುಗಿದಿದ್ದ.

ಪಾಠವೇನೋ ಸರಳ. “ಅಡ್ಜೆಕ್ಟಿವ್ ಅಂದ್ರ ಹೆಸರಿಗೆ ಅಂಟ್ಕೊಂಡಿರೋದು. ಅಡ್ವರ್ಬ್ ಅಂದ್ರ ಕೆಲಸದ ಕೈ ಹಿಡ್ಕೊಂಡು ನಡಿಯೋದು. ಮನುಷ್ಯ ಎಂಥಾವ ಅಂತ ಮೊದಲಿಂದು ಹೇಳ್ತೈತಿ, ಕೆಲಸ ಹೆಂಗ ಮಾಡ್ದ ಅಂತ ಎರಡನೇದು.” ಎಷ್ಟೋ ಪದಗಳಿಗೆ ಬಾಲದಲ್ಲಿ ‘ಲಿ’ ಹಚ್ಚಿದರೆ ಮುಗಿಯಿತು. ಕೆಲವು ಮಾತ್ರ ಕಳ್ಳ ಪದಗಳು. ‘ಹಾರ್ಡ್’ ಎರಡೂ ಕಡೆ ಹಾರ್ಡೇ. ‘ಹಿ ವರ್ಕ್ಸ್ ಹಾರ್ಡ್ಲಿ’ ಎಂದರೆ ಕಷ್ಟಪಟ್ಟು ದುಡಿಯುತ್ತಾನೆ ಎಂದಲ್ಲ, ದುಡಿಯುವುದೇ ಅಪರೂಪ ಎಂದು. ಹತ್ತಿ ಜಿನ್ನಿಂಗ್ ಮಿಲ್ಲಿನ ಸಾಹುಕಾರರ ಸೊಸೆಯೊಬ್ಬಳು ಗಂಡನ ಬಗ್ಗೆ ಹಾಗೆ ಬರೆದಾಗ, ತಿದ್ದುವುದೋ ಬಿಡುವುದೋ ಎಂದು ಟೀಚರೇ ಒಂದು ಗಳಿಗೆ ಯೋಚಿಸಿದ್ದಳು.

ಇಂಥವಳಿಗೆ ಒಂದೇ ಒಂದು ಅಡ್ಜೆಕ್ಟಿವ್ ಬರೆಯಲು ಕೈ ಏಳುತ್ತಿರಲಿಲ್ಲ.

ಗಂಡ ವಾಗೀಶ್ ಹತ್ತಿ ದಲಾಲಿ. ನಾಲ್ಕು ವರ್ಷದ ಕೆಳಗೆ, ಮಳೆಗಾಲದಲ್ಲಿ, ಮಂತ್ರಾಲಯದ ಕಡೆ ಹೋದವನು “ಊಟಕ್ಕ ಲೇಟಾಗ್ತೈತಿ, ನೀ ಉಣ್ಣು” ಎಂದು ಫೋನು ಮಾಡಿದ್ದ. ಸಂಜೆಗೆ ತುಂಗಭದ್ರೆಯ ದಂಡೆಯಲ್ಲಿ ಅವನ ಬೈಕು ಸಿಕ್ಕಿತು. ಹೊಳೆ ತುಂಬಿ ಹರಿಯುತ್ತಿತ್ತು. ವಾಗೀಶ್ ಸಿಗಲಿಲ್ಲ, ಅವನ ಹೆಣವೂ ಸಿಗಲಿಲ್ಲ. ಹೊಳೆಯ ಪಾಲಾದ ಎಂದು ಊರು ಮಾತಾಡಿತು. ಮಹೇಶ್ವರಿ ತಾಳಿ ತೆಗೆಯಲಿಲ್ಲ. ಕೇಳಿದವರಿಗೆಲ್ಲ “ಅವ್ರು ಬರೋದು ಲೇಟಾಗೈತಿ” ಎನ್ನುತ್ತಿದ್ದಳು. ಹೇಳಿ ಹೇಳಿ ಅದು ಆಕೆಗೇ ನಿಜವಾಗಿಬಿಟ್ಟಿತ್ತು.

ಈಗ ಮಗಳು ಅಮೂಲ್ಯಳ ಮದುವೆ. ಮೈದುನ ಸೋಮೇಶ್ ಲಗ್ನಪತ್ರಿಕೆಯ ಪ್ರೂಫ್ ತಂದು ಮುಂದಿಟ್ಟ. ವಾಗೀಶನ ಹೆಸರಿನ ಮೊದಲು ಕನ್ನಡದ ಕಡೆ ‘ಲಿಂ.’, ತೆಲುಗಿನ ಕಡೆ ‘ಕೀ.ಶೇ.’, ಇಂಗ್ಲಿಷಿನ ಕಡೆ ‘ಲೇಟ್’. ಒಂದೇ ಹಾಳೆಯಲ್ಲಿ ಮೂರು ಭಾಷೆಗಳು ಸೇರಿ ಗಂಡನನ್ನು ಸಾಯಿಸಿದ್ದವು. ಮಹೇಶ್ವರಿ ಕೆಂಪು ಪೆನ್ನು ತೆಗೆದು ಮೂರನ್ನೂ ಹೊಡೆದುಹಾಕಿದಳು.

“ಏದೋ ಒಕಟಿ ಚೆಪ್ಪಂಡಿ ಅತ್ತಿಗಿ, ಯಾವ್ದಾರ ಒಂದು ಹೇಳ್ರಿ,” ಎಂದ ಸೋಮೇಶ್, ಸಿಟ್ಟಿಗಿಂತ ಸಂಕಟದಿಂದ. “ಅಣ್ಣ ಅದಾನ ಅಂದ್ರ ಎಲ್ಲಿ ಅದಾನ ಅಂತ ಬೀಗರು ಕೇಳ್ತಾರ. ಇಲ್ಲ ಅಂದ್ರ ಹಂಗಂತ ಹಾಕಸ್ರಿ. ನಡುವ ನಿಂತ್ರ ನಮ್ಮ ಹುಡುಗಿ ಮಂಟಪದಾಗ ಮಾತು ಕೇಳ್ಬೇಕಾಗ್ತೈತಿ. ನಾಳೆ ಸಂಜೀಕ ಪ್ರೆಸ್ಸಿಗೆ ಕೊಡಬೇಕು.”

ಅವನ ಮಾತು ಸುಳ್ಳಲ್ಲ. ಆದರೆ ಆ ಪದವನ್ನು ಬರೆದರೆ ಗಂಡನನ್ನು ತಾನೇ ಕೈಯಾರೆ ಹೊಳೆಗೆ ನೂಕಿದಂತೆ ಎನಿಸಿತು ಮಹೇಶ್ವರಿಗೆ.

ಹಲ್ಲು ನೋಯುವ ಕಡೆಗೇ ನಾಲಿಗೆ ಹೋಗುತ್ತದಂತೆ. ಆ ಸಂಜೆ ಕ್ಲಾಸಿನಲ್ಲಿ, ಒಂದೇ ಪದವನ್ನು ಅಡ್ಜೆಕ್ಟಿವ್ ಆಗಿಯೂ ಅಡ್ವರ್ಬ್ ಆಗಿಯೂ ಬಳಸಿ ಎಂದವಳ ಬಾಯಿಗೆ ಬಂದ ಪದ ‘ಲೇಟ್’. ಪಲ್ಲವಿ ಎದ್ದು ಬಂದಳು. ಚಿಕ್ಕ ಪ್ರಾಯದ ವಿಧವೆ. ಮಂತ್ರಾಲಯದ ಯಾವುದಾದರೂ ಲಾಡ್ಜಿನ ಕೌಂಟರಿನಲ್ಲಿ ಕೂರುವ ಆಸೆಯಿಂದ ಇಂಗ್ಲಿಷ್ ಕಲಿಯುತ್ತಿದ್ದವಳು. ಸೀಮೆಸುಣ್ಣ ಹಿಡಿದು ದುಂಡಗೆ ಬರೆದಳು: ‘ಮೈ ಲೇಟ್ ಹಸ್ಬೆಂಡ್ ಕಮ್ಸ್ ಲೇಟ್.’

ಟೀಚರ್ ವಾಕ್ಯವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮೊದಲ ‘ಲೇಟ್’ ಹೆಸರಿಗೆ ಅಂಟಿಕೊಂಡಿದೆ, ಎರಡನೆಯದು ಬರುವ ಕೆಲಸದ ಕೈ ಹಿಡಿದಿದೆ. ಬೇಡದ ‘ಲಿ’ಯೂ ಇಲ್ಲ. ವ್ಯಾಕರಣದಲ್ಲಿ ಕೂದಲೆಳೆಯಷ್ಟು ತಪ್ಪಿಲ್ಲ. ಆದರೂ ತಿದ್ದಲು ಸೀಮೆಸುಣ್ಣ ಕೈಗೆ ತೆಗೆದುಕೊಂಡಳು.

“‘ಕಮ್ಸ್’ ಅಲ್ಲವ್ವ, ‘ಕೇಮ್’. ಆಗ ಬರ್ತಿದ್ರು.”

“ಈಗೂ ಬರ್ತಾರ್ರಿ ಟೀಚರ್. ನಿನ್ನೆ ಬಂದಿದ್ರು.” ಪಲ್ಲವಿ ಸಂತೆಯ ಸುದ್ದಿ ಹೇಳುವವಳಂತೆ ಹೇಳಿದಳು. “ಮೊದಲಿನಂಗ, ಮಧ್ಯಾಹ್ನ ಎಲ್ಲಾರ ಊಟ ಮುಗಿದ ಮ್ಯಾಲ.”

ಉಳಿದವರು ಹೋದ ಮೇಲೆ ಮಹೇಶ್ವರಿ ಆಕೆಯನ್ನು ಕೂರಿಸಿಕೊಂಡು ಕೇಳಿದಳು. ಪಲ್ಲವಿಯ ಗಂಡನ ಹೆಸರು ಉರುಕುಂದ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಮೂಟೆಯ ಅಂಡಿಗೆ ಕಟ್ಟುತ್ತಿದ್ದವನು, ಹಾಲಹರವಿ ರಸ್ತೆಯಲ್ಲಿ ಲಾರಿ ಬಡಿದು ಸತ್ತಿದ್ದ.

“ಒಂದು ವರ್ಷ ಸುಳಿವೇ ಇರಲಿಲ್ರಿ. ವರ್ಷದ ದಿನಕ್ಕ ಓಣಿ ಬಾಯಾಗ ಫ್ಲೆಕ್ಸ್ ಹಾಕ್ಸಿದ್ವಿ, ಹೆಸರಿನ ಮೊದಲು ಲೇಟ್ ಅಂತ. ಮರುದಿನದಿಂದ ಬರಾಕ ಹತ್ತಿದ್ರು.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ತಾನು ಎಂಥಾವ ಅಂತ ತನಗೇ ಗೊತ್ತಿಲ್ದಾವ ಮನಿಗೆ ಹೆಂಗ ಬರ್ಬೇಕ್ರಿ? ನಾವು ಹೇಳೋತನಕ ದಾರ್ಯಾಗೇ ನಿಂತಿರ್ತಾರ.”

“ಹುಚ್ಚಿ, ನಡಿ ಮನಿಗೆ,” ಎಂದು ಮಹೇಶ್ವರಿ ಗದರಿಸಿ ಕಳಿಸಿದಳು. ಮರುದಿನ ಮಟಮಟ ಮಧ್ಯಾಹ್ನ, ಕೊಡೆ ಹಿಡಿದು ತಾನೇ ಆ ಹುಚ್ಚಿಯ ಮನೆ ಹುಡುಕಿಕೊಂಡು ಹೋದಳು.

ಒಂದೇ ಕೋಣೆಯ ತಗಡಿನ ಮನೆ. ಬಾಗಿಲು ತೆರೆದಿತ್ತು. ನಡುವೆ ಒಂದು ತಾಟಿನಲ್ಲಿ ಅನ್ನ, ಒಂದು ತಂಬಿಗೆ ನೀರು. “ಗೋಡಿ ಕಡೆ ತಿರುಗಿ ಕುಂದರ್ರಿ ಟೀಚರ್. ನೋಡಿದ್ರ ಬರಂಗಿಲ್ಲ,” ಎಂದಳು ಪಲ್ಲವಿ. ಊರಿಗೇ ಪಾಠ ಹೇಳುವಷ್ಟು ಓದಿದವಳು ತಾನು, ಎಂಥ ಮರುಳಿಗೆ ಬಿದ್ದೆ ಎಂದು ನಾಚಿಕೊಂಡೇ ಮಹೇಶ್ವರಿ ತಿರುಗಿ ಕೂತಳು. ಎದುರಿನ ಗೋಡೆಯ ಸಣ್ಣ ಕನ್ನಡಿಯಲ್ಲಿ ಹೊಸ್ತಿಲು ಮಾತ್ರ ಕಾಣುತ್ತಿತ್ತು. ಅಲ್ಲೊಂದು ನಾಯಿ ಅಡ್ಡ ಮಲಗಿತ್ತು.

ಓಣಿಯಲ್ಲಿ ಸದ್ದೇ ಇರಲಿಲ್ಲ. ನಾಯಿ ಕಣ್ಣು ಬಿಟ್ಟಿತು. ತಲೆಯೆತ್ತಿ ಯಾರನ್ನೋ ನೋಡಿತು. ಎದ್ದು, ಬಾಲ ಅಲ್ಲಾಡಿಸುತ್ತ, ಒಬ್ಬ ಮನುಷ್ಯ ದಾಟುವಷ್ಟು ಪಕ್ಕಕ್ಕೆ ಸರಿದು ಮತ್ತೆ ಮಲಗಿತು. ಬೊಗಳಲಿಲ್ಲ. ಪಲ್ಲವಿ ಗೋಡೆಗೆ ಮುಖ ಮಾಡಿ ನಗುತ್ತಿದ್ದಳು. ಆ ನಗು ಕಂಡು ಮಹೇಶ್ವರಿಗೆ ಹೆದರಿಕೆಯಾಯಿತು, ಹೆದರಿಕೆಯ ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು.

ಎದ್ದಾಗ ಅನ್ನ ಇದ್ದಂತೆಯೇ ಇತ್ತು. ತಂಬಿಗೆಯ ನೀರು ಅರ್ಧ ಇಳಿದಿತ್ತು, ಮೇಲೆ ಹತ್ತಿಯ ಎಳೆಯೊಂದು ತೇಲುತ್ತಿತ್ತು. ಈ ಊರಿನಲ್ಲಿ ಹಾಲಿನಲ್ಲೂ ಹತ್ತಿ ತೇಲುತ್ತದೆ, ಅದರಲ್ಲೇನು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಮನೆ ಮುಟ್ಟುವವರೆಗೂ ಒಂದೇ ಯೋಚನೆ. ನಾಲ್ಕು ವರ್ಷದಿಂದ ವಾಗೀಶ್ ಎಲ್ಲಿ ನಿಂತಿರಬಹುದು? ಬದುಕಿದವನೂ ಅಲ್ಲದೆ, ಸತ್ತವನೂ ಅಲ್ಲದೆ, ಹೊಳೆ ದಂಡೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ, ಹೆಂಡತಿ ಒಂದು ಮಾತು ಹೇಳಲಿ ಎಂದು ಕಾಯುತ್ತ?

ಆ ಸಂಜೆ ಸೋಮೇಶ್ ಬಂದಾಗ, ಹೊಡೆದುಹಾಕಿದ್ದ ಮೂರೂ ಪದಗಳನ್ನು ಮಹೇಶ್ವರಿ ತನ್ನ ಕೈಯಿಂದಲೇ ಮತ್ತೆ ಬರೆದುಕೊಟ್ಟಳು. ಸೋಮೇಶ್ ಪ್ರೂಫನ್ನು ಮಡಿಸಿ ಜೇಬಿಗಿಟ್ಟುಕೊಂಡ. ಹೊರಗೆ ಹೋಗಿ ಬೈಕಿನ ಮೇಲೆ ಕೂತು ಅತ್ತ.

ಮರುದಿನ ಆಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿ, ಮುಂದಿನ ಕೋಣೆಯಲ್ಲೇ ತಾಟಿಟ್ಟು ಗೋಡೆ ಕಡೆ ತಿರುಗಿ ಕೂತಳು. ಎರಡಾಯಿತು, ಮೂರಾಯಿತು. ಯಾರೂ ಬಂದ ಹಾಗಾಗಲಿಲ್ಲ. ಅತ್ತ ಗಂಡನನ್ನೂ ಕಳೆದುಕೊಂಡೆ, ಇತ್ತ ಬುದ್ಧಿಯನ್ನೂ ಕಳೆದುಕೊಂಡೆ ಎಂದು ತನ್ನನ್ನೇ ಬೈದುಕೊಂಡಳು. ನಾಲ್ಕಕ್ಕೆ ಇನ್ನೂ ಹೊತ್ತಿರುವಾಗ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ತಾಟಿನ ಕಡೆ ನೋಡದೆ ಬಾಗಿಲಿಗೆ ಹೋದಳು.

ಪಲ್ಲವಿ. ಒಂದು ಕಾಲು ಒಳಗಿಟ್ಟವಳು ತಟ್ಟನೆ ಹಿಂದೆಗೆದಳು. ಮಹೇಶ್ವರಿಯ ಹೆಗಲಾಚೆ ಕೋಣೆಯೊಳಗೆ ನೋಡಿ, ಹಿರಿಯರ ಎದುರು ಮಾಡುವಂತೆ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಆಕೆ ವಾಗೀಶನನ್ನು ಯಾವತ್ತೂ ಕಂಡವಳಲ್ಲ.

“ಸರ್ ಉಣ್ಣಾಕ ಕುಂತಾರ,” ಎಂದಳು ತಗ್ಗಿದ ದನಿಯಲ್ಲಿ. “ಮುಗೀಲಿ ಟೀಚರ್, ನಾ ಆಮ್ಯಾಲ ಬರ್ತೀನ್ರಿ.”

ತಿರುಗಿ ನೋಡುವ ಆಸೆಯನ್ನು ಮಹೇಶ್ವರಿ ತಡೆದುಕೊಂಡಳು. ನಾಲ್ಕು ವರ್ಷ ಅಳದವಳು ಹೊಸ್ತಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಗೋಡೆಗೆ ಮುಖ ಕೊಟ್ಟು ಅಡುಗೆಮನೆಯತ್ತ ನಡೆಯುತ್ತ, “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎಂದು ಕೇಳಿದಳು.