ಅರ್ಜೆಂಟೀನಾ ಬೆಳ್ಳಿ ಅಂಗಡಿ

ಬೆಳ್ಳಿ ಕೆಲಸದಾಕೆಗೆ ಬೆಸುಗೆ ಹಾಕುವ ವಿದ್ಯೆ ಅಪ್ಪನಿಂದ ಬಂದದ್ದು. ಗಂಡನಿಗೆ ಬರುತ್ತಿದ್ದದ್ದು ಮಾತು ಮಾತ್ರ. ಅಂಗಡಿಯ ಮುಂದೆ ಕೂತು ಗಿರಾಕಿಗಳನ್ನು ಮಾತಾಡಿಸುವುದು ಅವನ ಪಾಲು. ಒಳಗೆ ಬೆಂಕಿಯ ಮುಂದೆ ಬೆವರುವುದು ಅವಳ ಪಾಲು. ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಲೋಟಕ್ಕೆ ಹೊಳಪು ಕೊಡಿಸಲು ಬಂದ ಪುಣ್ಯಾತ್ಮನೊಬ್ಬ, ಅರ್ಜೆಂಟೀನಾ ಎಂಬ ಹೆಸರಿನ ಮೂಲ ಲ್ಯಾಟಿನ್, 'ಅರ್ಜೆಂಟಮ್' ಅಂದರೆ ಬೆಳ್ಳಿ ಎಂದು ಗಂಡನ ಕಿವಿಯಲ್ಲಿ ಊದಿ ಹೋದ. ಮುಗಿಯಿತು. ಆ ವಾರವೇ ಅಪ್ಪನ ಕಾಲದ ಬೋರ್ಡು ಕೆಳಗಿಳಿದು 'ಅರ್ಜೆಂಟೀನಾ ಬೆಳ್ಳಿ ಅಂಗಡಿ' ಮೇಲೇರಿತು.

"ಇದೇನ್ರೀ ಇದು?"

"ಬೆಳ್ಳಿ ನಾಡು ಅಂತ ಕಣೇ. ಅಲ್ಲಿಗೆ ಹೋದ ಹಡಗಿನೋರು, ಬೆಟ್ಟದಷ್ಟು ಬೆಳ್ಳಿ ಸಿಗುತ್ತೆ ಅಂದ್ಕೊಂಡಿದ್ರಂತೆ."

"ಸಿಕ್ತಾ?"

"ಅಂದ್ಕೊಂಡಷ್ಟು ಸಿಗ್ಲಿಲ್ಲ."

"ಸಿಗೋ ಮುಂಚೆನೇ ಹೆಸರಿಟ್ರಾ? ನಿಮ್ಮ ಕಡೆಯೋರೇ ಯಾರೋ ಇರ್ಬೇಕು!"

ಲ್ಯಾಟಿನ್ ಬಲ್ಲವರು ಯಾರೂ ಆ ಬೀದಿಗೆ ಬರಲಿಲ್ಲ. ಅರ್ಜೆಂಟ್ ಇದ್ದವರು ಮಾತ್ರ ಸಾಲುಗಟ್ಟಿ ಬಂದರು. "ಈಗ್ಲೇ ಬೇಕು, ಬೋರ್ಡಲ್ಲೇ ಅರ್ಜೆಂಟ್ ಅಂತ ಹಾಕಿದ್ದೀರಲ್ಲ!" ಗಂಡ ಒಬ್ಬೊಬ್ಬರನ್ನೂ ಕೂರಿಸಿ ಲ್ಯಾಟಿನ್‌ನಿಂದ ಶುರು ಮಾಡುತ್ತಿದ್ದ. ಕೇಳುವವರಿಗೆ ಆಕಳಿಕೆ, ಒಳಗಿದ್ದವಳಿಗೆ ಮೈಯೆಲ್ಲ ಉರಿ.

ಒಂದು ಮಧ್ಯಾಹ್ನ ಕೊಳಲಿನವಳೊಬ್ಬಳು ಏದುಸಿರು ಬಿಡುತ್ತಾ ಬಂದಳು. ಅವಳದು ಪಾಶ್ಚಾತ್ಯ ಬಗೆಯ ಬೆಳ್ಳಿ ಕೊಳಲು; ಬೆರಳಿಂದ ಒತ್ತುವ ಗುಂಡಿಯೊಂದು ಕಿತ್ತು ಕೈಗೆ ಬಂದಿತ್ತು, ಸಂಜೆ ಸಂಗೀತ ಕಛೇರಿ.

"ಕೂತ್ಕೊಳಮ್ಮ," ಅಂದ ಗಂಡ. "ಅರ್ಜೆಂಟಮ್ ಅಂದ್ರೆ ಏನು ಗೊತ್ತಾ?"

ಹುಡುಗಿಯ ಕಣ್ಣಲ್ಲಿ ನೀರಾಡಿತು. ಒಳಗಿನಿಂದ ಬೆಳ್ಳಿ ಕೆಲಸದಾಕೆ ಎದ್ದು ಬಂದವಳೇ ಕೊಳಲು ಕಸಿದುಕೊಂಡಳು. "ಇವರ ಬಾಯಿಗೆ ಮೊದಲು ಬೆಸುಗೆ ಹಾಕ್ಬೇಕು. ನೀನು ಒಳಗೆ ಬಾ."

ಗುಂಡಿಯ ಒಳಗಿನ ಮೆತ್ತೆ ಸುಡದಂತೆ ಅದನ್ನು ಬಿಡಿಸಿಟ್ಟಳು. ಮುರಿದ ಜಾಗಕ್ಕೆ ಬೆಸುಗೆ ಹಿಡಿಯಲೆಂದು ಬಿಳಿಗಾರ ಸವರಿ, ಊದುಗೊಳವೆಯಿಂದ ಜ್ವಾಲೆಯನ್ನು ಸೂಜಿಯಂತೆ ಹಿಡಿದಳು. ಬೆಸುಗೆಯ ಬೆಳ್ಳಿ ಕರಗಿ ಕೂಡಿಕೊಂಡಿತು. ಆರಿದ ಮೇಲೆ ಮೆತ್ತೆಯನ್ನು ಮತ್ತೆ ಕೂರಿಸಿ ಕೊಟ್ಟಳು. ಹುಡುಗಿ ಊದಿ ನೋಡಿದಳು; ಸ್ವರ ಸರಿಯಾಗಿತ್ತು. ಬೆಳ್ಳಿ ಕೆಲಸದಾಕೆಗೆ ಎಷ್ಟೋ ದಿನದ ಮೇಲೆ ಜೀವ ತಂಪಾಯಿತು.

ಅದೂ ಎರಡೇ ದಿನ. ಮೂರನೆಯ ದಿನದಿಂದ ಊರಿನ ವಾದ್ಯದವರೆಲ್ಲ ಮುರುಕು ವಾದ್ಯ ಹಿಡಿದು ಬರತೊಡಗಿದರು. ಎಲ್ಲರಿಗೂ ಅರ್ಜೆಂಟು.

"ನೋಡಿದ್ಯಾ, ಲ್ಯಾಟಿನ್ ಕೈ ಹಿಡೀತು!" ಗಂಡ ಬೀಗಿದ.

ಬೋರ್ಡು ಇಳಿಸೋಣವೆಂದರೆ ಈಗ ಅಂಗಡಿಯ ಗುರುತೇ ಅದಾಗಿಬಿಟ್ಟಿತ್ತು. ಅವಳು ಹಲ್ಲು ಕಚ್ಚಿಕೊಂಡು ಉಜ್ಜುವ ಬಟ್ಟೆಯನ್ನು ಅವನ ಮಡಿಲಿಗೆಸೆದಳು. "ತಗೊಳ್ಳಿ. ಬಾಯಿ ಮುಚ್ಕೊಂಡು ಉಜ್ಜಿ."

ಅವನು ಉಜ್ಜಿದ, ಬಾಯಿ ತೆರೆದುಕೊಂಡೇ.