ಯಂತ್ರಮಾನವನಿಗೆ ಬಾರದ ಅಳು

ಭಾಷಣಕಾರರು ಕನ್ನಡಕ ತೆಗೆದರೆ ಸಾಕು, ನನಗೆ ಇವತ್ತಿಗೂ ಗುಮಾನಿ. ಅದು ಅಂಟಿಕೊಂಡದ್ದು ಎಂಬತ್ತರ ದಶಕದಲ್ಲಿ, ಹೊನ್ನಾಳಿಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ. ನಾವು ಕೆಲವು ಮೇಷ್ಟರುಗಳು ಸೇರಿ ಊರೂರಲ್ಲಿ ವಿಜ್ಞಾನದ ಭಾಷಣ ಏರ್ಪಡಿಸುತ್ತಿದ್ದೆವು. ಕೇಳಿ ತೂಗಿ, ಈ ಮನುಷ್ಯನನ್ನು ಮುಂದಿನ ಊರಿಗೆ ಕರೆಯಬಹುದೋ ಬೇಡವೋ ಎಂದು ಹೇಳುವ ಕೆಲಸ ನನ್ನದು. ಮೇಡಂ ಬಾಯಿ ಜೋರು ಎಂದು ನನಗೇ ಕೊಟ್ಟಿದ್ದರು.

ಆ ಸಲ ಬಂದವನು ಬಿಳಿಚೋಡು ಕಡೆಯ ಹುಡುಗುಮುಖದ ಉಪನ್ಯಾಸಕ. ವಿಷಯ, ಯಂತ್ರಮಾನವನಿಂದ ಮನುಷ್ಯ ಕಲಿಯಬೇಕಾದದ್ದೇನು. ಮೊದಲ ಭಾಷಣ ನ್ಯಾಮತಿಯಲ್ಲಿ. ಯಂತ್ರಮಾನವನನ್ನು ಸಭೆಯಲ್ಲಿ ಯಾರೂ ಕಂಡಿರಲಿಲ್ಲ, ಅವನೂ ಕಂಡಿರಲಾರ. ಆದರೂ ಮಾತು ಚೆನ್ನಾಗಿತ್ತು. ಕೊನೆಗೆ, "ಯಂತ್ರಕ್ಕೆ ಎಲ್ಲವನ್ನೂ ಕಲಿಸಬಹುದು, ಅಳುವುದನ್ನು ಕಲಿಸಲಾಗದು. ನನ್ನವ್ವ ತೀರಿಕೊಂಡಾಗ ರೊಟ್ಟಿ ಹಂಚು ಇನ್ನೂ ಬಿಸಿಯಾಗಿತ್ತು" ಎಂದವನೇ ಗಂಟಲು ಕಟ್ಟಿ ನಿಂತ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ನಾನು ಬಿಕ್ಕಿ ಬಿಕ್ಕಿ ಅತ್ತೆ.

ಕಾರಣವಿತ್ತು. ಕೆಲವು ತಿಂಗಳ ಹಿಂದೆ ನನ್ನ ಅವ್ವ ಹೋಗಿದ್ದಳು. ನಮ್ಮ ಚನ್ನಗಿರಿ ಕಡೆ ಸಾವಿನ ಮನೆಗೆ ಬರುವ ಹೆಂಗಸರು ಬಸ್ಸಿಳಿದು, ಎಲೆಅಡಿಕೆ ಜಗಿಯುತ್ತ, ಊರ ಸುದ್ದಿ ಮಾತಾಡುತ್ತ ಬರುತ್ತಾರೆ. ಆ ಮನೆ ಕಾಣುವ ತಿರುವಿನಲ್ಲಿ ಎಲೆ ಉಗಿದು ಹಾಡಿಕೊಂಡು ಅಳಲು ಶುರು ಮಾಡುತ್ತಾರೆ. ಅದರಲ್ಲಿ ಅವ್ವನದು ಎತ್ತಿದ ಕೈ. ಅವಳು ಸತ್ತಾಗ ನಮ್ಮೂರು ನಲ್ಲೂರಿನ ಹೆಂಗಸರೆಲ್ಲ ಹಾಡಿ ಅತ್ತರು; ನನಗೆ ಹಾಡೂ ಬರಲಿಲ್ಲ, ಅಳುವೂ ಬರಲಿಲ್ಲ. "ಓದಿದ ಮಗಳು, ಕಣ್ಣಾಗೆ ಒಂದು ಹನಿ ನೀರಿಲ್ಲ ನೋಡ್ರೇ" ಎಂದು ದೊಡ್ಡಮ್ಮ ಅಂದದ್ದು ಕಿವಿಯಲ್ಲೇ ಕೂತಿತ್ತು. ನ್ಯಾಮತಿಯಲ್ಲಿ ಅಳು ಬಂದಾಗ, ಸದ್ಯ ನಾನೂ ಮನುಷ್ಯಳೇ ಅಂದುಕೊಂಡೆ.

ವಾರ ಕಳೆದು ಹೊನ್ನಾಳಿಯಲ್ಲಿ ಅದೇ ಭಾಷಣ. ಹಂಚಿನ ಮಾತು ಬಂತು. ಅಲ್ಲೇ ಗಂಟಲು ಕಟ್ಟಿತು, ಅಲ್ಲೇ ಕನ್ನಡಕ ಕೈಗೆ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಫಿ ಕೊಡುವಾಗ ನೇರ ಕೇಳಿದೆ.

"ನಿಮ್ಮ ತಾಯಿ ತೀರ್ಕೊಂಡು ಎಷ್ಟು ವರ್ಷ ಆತ್ರೀ?"

ಆಚೀಚೆ ನೋಡಿ ನಕ್ಕ. "ಅವ್ವ ಗಟ್ಟಿಮುಟ್ಟಾಗಿ ಇದಾಳ್ರೀ ಮೇಡಂ, ಬಿಳಿಚೋಡಿನಾಗೆ. ಜನಕ್ಕೆ ಮುಟ್ಟಬೇಕಲ್ರೀ, ಅದಕ್ಕೆ ಹಂಗೆ ಹೇಳ್ತೀನಿ."

ಕೈಲಿದ್ದ ಕಾಫಿ ಅವನ ಮುಖಕ್ಕೆ ಎರಚಬೇಕೆನ್ನಿಸಿತು. ನನ್ನ ಅವ್ವನಿಗೆಂದು ಬಂದಿದ್ದ ಒಂದೇ ಒಂದು ಅಳು, ಅದೂ ಇವನ ಸುಳ್ಳಿಗೆ ಬಂದದ್ದೇ? ಹಾಗಾದರೆ ಅದು ಯಾರ ಅಳು?

ಒಮ್ಮೆ ಗುರುತು ಪರಿಚಯವಿಲ್ಲದ ಮುದುಕಿಯ ಸಾವಿಗೆ ಅವ್ವ ಹೊರಳಾಡಿ ಅತ್ತು ಬಂದಿದ್ದಳು. ಯಾಕವ್ವಾ ಈ ನಾಟಕ ಎಂದು ಕೇಳಿದ್ದೆ. "ಸೊಸೆ ಕಲ್ಲಿನಂಗೆ ಕುಂತಿದ್ಲು ಕಣೇ. ಯಾರಾದ್ರೂ ಶುರು ಮಾಡಬೇಕಲ್ಲ" ಅಂದಿದ್ದಳು. ಅದು ನೆನಪಾಗಿ ಸಿಟ್ಟು ಸ್ವಲ್ಪ ಇಳಿಯಿತು. ಆದರೂ ನನ್ನವ್ವ ಬದುಕಿದ್ದವರನ್ನು ಸಾಯಿಸಿ ಅತ್ತವಳಲ್ಲ.

ಜಗಳೂರಿನ ಮೇಷ್ಟರು ಇವನನ್ನು ಕರೆಯಬಹುದೇ ಎಂದು ವಿಚಾರಿಸಿದರು.

"ಕರೀರಿ," ಅಂದೆ. "ಬಿಳಿಚೋಡು ನಿಮಗೆ ಹತ್ರ ಐತೆ. ಅವರ ತಾಯಿನೂ ಕರ್ಕೊಂಡು ಬಂದು ಮುಂದಿನ ಸಾಲಿನಾಗೆ ಕೂರಿಸ್ರಿ."

ತಮಾಷೆ ನೋಡಲು ನಾನೂ ಹೋಗಿ ಆಕೆಯ ಪಕ್ಕದಲ್ಲೇ ಕೂತೆ. ಮಗನ ಭಾಷಣವೆಂದು ಆಕೆ ಮಡಿಕೆ ಮುರಿಯದ ಸೀರೆ ಉಟ್ಟು ಬಂದಿದ್ದಳು. ಅವನು ವೇದಿಕೆ ಹತ್ತಿ ಮುಂದಿನ ಸಾಲು ನೋಡಿದ, ಮುಖ ಬಿಳಿಚಿತು. ಹೇಗೋ ಮಾತಾಡುತ್ತ ಹೋದ. ಅಳುವುದನ್ನು ಕಲಿಸಲಾಗದು ಎಂಬಲ್ಲಿಗೆ ಬಂದು ನಿಂತ. ಹಂಚು ಬರಲಿಲ್ಲ, ಮುಂದಿನ ಯಾವ ಮಾತೂ ಬರಲಿಲ್ಲ. ತಾಯಿಯನ್ನೇ ನೋಡುತ್ತಿದ್ದ. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ತೆಗೆದು ಒರೆಸಿಕೊಳ್ಳುವುದು ಅವನಿಗೆ ಹೊಳೆಯಲೇ ಇಲ್ಲ. ಇದೂ ಹೊಸ ವರಸೆ ಇರಬಹುದೇ ಎಂದು ನಾನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ.

ಆಕೆ ಗಾಬರಿಯಾಗಿ ನನ್ನ ಕೈ ಹಿಡಿದಳು. ರೊಟ್ಟಿ ಬಡಿದು ಒರಟಾದ, ಬೆಚ್ಚನೆಯ ಕೈ.

"ಏನಾತವ್ವಾ ನನ್ನ ಮಗಂಗೆ?"

"ಏನಿಲ್ಲ ಬಿಡವ್ವಾ" ಅಂದೆ.

ಅವ್ವಾ ಎಂದು ಬಾಯಿ ತುಂಬ ಯಾರನ್ನಾದರೂ ಕರೆದು ಎಷ್ಟೋ ತಿಂಗಳಾಗಿತ್ತು. ಆಮೇಲೆ ನನಗೆ ಬಂದ ಅಳು ಯಾರದೆಂದು ನಾನು ಅನುಮಾನ ಪಡಲಿಲ್ಲ.