ಡಾಂಬರಿಗೆ ಕೊಟ್ಟ ಎರಡು ಹಲ್ಲು

ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ರಸ್ತೆಯ ಡಾಂಬರಿನ ಕೆಳಗೆ ನನ್ನ ಎರಡು ಹಲ್ಲುಗಳಿವೆ. ನಂಬುವುದಿಲ್ಲವೇ? ಬೇಡ, ನಂಬಬೇಡಿ. ಎಲ್ಲಿಯವರೆಗೆ ನಂಬದೆ ಇರುತ್ತೀರೋ ನಾನೂ ನೋಡುತ್ತೇನೆ. ಆ ರಸ್ತೆಗೆ ಆಮೇಲೆ ನಾಲ್ಕು ಸಲ ಡಾಂಬರು ಬಿದ್ದಿದೆ, ಅಗೆಯುವುದು ನಿಮ್ಮಿಂದ ಆಗದು. ನನ್ನ ಬಾಯಿ ಮಾತ್ರ ನನ್ನ ಹತ್ತಿರವೇ ಇದೆ. ಕೇಳಿದವರಿಗೆಲ್ಲ ತೆರೆದು ತೋರಿಸುತ್ತೇನೆ, ಕೇಳದವರಿಗೂ.

ನಾನು ಸೈಕಲ್ ರೇಸಿನವನು. ನನ್ನ ಕಾಲದಲ್ಲಿ ವಿಜಯಪುರದ ಸುತ್ತ ನನ್ನ ಬೆನ್ನು ನೋಡದೆ ಮನೆಗೆ ಹೋದ ಸೈಕ್ಲಿಸ್ಟ್ ಒಬ್ಬನೂ ಇರಲಿಲ್ಲ. ಈ ರೇಸಿನ ವಿದ್ಯೆ ಹೇಳಿಕೊಟ್ಟವರು ಸ್ಟೇಷನ್ ರಸ್ತೆಯಲ್ಲಿ ಪಂಕ್ಚರ್ ತಿದ್ದುತ್ತಿದ್ದ ನಮ್ಮ ಮೇಸ್ತ್ರಿ. ಅವರ ಅಂಗಡಿಯ ಗೋಡೆಯ ತುಂಬ ಯುರೋಪಿನ ಹಳೆಯ ರೇಸಿನ ದೊರೆಗಳ ಚಿತ್ರಗಳಿದ್ದವು, ಯಾವುದೋ ಪರದೇಶದ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದವು. ಕೆಳಗಿದ್ದ ಅಕ್ಷರಗಳನ್ನು ಮೇಸ್ತ್ರಿಗೂ ಓದಲು ಬರುತ್ತಿರಲಿಲ್ಲ, ನಮಗೂ ಬರುತ್ತಿರಲಿಲ್ಲ. ಹೀಗಾಗಿ ಅರ್ಥವನ್ನು ಅವರೇ ಹೇಳುತ್ತಿದ್ದರು.

"ನೋಡ್ರಲೇ ಇವನ ಮಾರಿ," ಎಂದು ಹುಬ್ಬು ಒಡೆದು ಕೆಸರು ಮೆತ್ತಿಕೊಂಡ ಒಬ್ಬ ಇಟಲಿಯವನತ್ತ ನಟ್ಟು ಬಿಚ್ಚುವ ಪಾನಾ ಹಿಡಿದು ತೋರಿಸುವರು. "ಕಣ್ಣಾಗ ರಕ್ತ ಇಳದೈತಿ, ಬ್ರೇಕ್ ಹಿಡದಾನೇನು? ನಿಮಗ ಜಾಲಿಮುಳ್ಳ ನೆಟ್ರ ಯವ್ವಾ ಅಂತೀರಿ."

ಇನ್ನೊಂದು ಚಿತ್ರವಿತ್ತು. ಬೆಟ್ಟ ಹತ್ತುತ್ತಿರುವ ಇಬ್ಬರು ಮಹಾರಥರು. ಒಬ್ಬನ ಮುಷ್ಟಿ ಇನ್ನೊಬ್ಬನ ಕಿವಿಯ ಪಕ್ಕ. "ದೊಡ್ಡವ್ರು ಹಿಂಗ ಬಡೀತಾರ," ಎಂದರು ಮೇಸ್ತ್ರಿ. ನಾವು ಒಪ್ಪಿದೆವು. ನಿಂತ ಚಿತ್ರಕ್ಕೆ ಹಿಂದಿಲ್ಲ, ಮುಂದಿಲ್ಲ. ಆ ಮುಷ್ಟಿಯಲ್ಲಿ ನೀರಿನ ಬಾಟಲಿ ಇತ್ತೇನೋ, ಬಾಯಾರಿದವನಿಗೆ ಕೊಡುತ್ತಿದ್ದನೇನೋ ಎಂಬ ವಿಚಾರ ನನಗೆ ಬಂದದ್ದು ತಲೆ ಪೂರ್ತಿ ಬೆಳ್ಳಗಾದ ಮೇಲೆ. ಆಗ ಮಾತ್ರ ನಾವು ದಿನಾ ನಸುಕಿನಲ್ಲಿ ಅಂಗಡಿಯ ಮುಂದೆ ಉಸುಕು ತುಂಬಿದ ಗೋಣಿಚೀಲ ಕಟ್ಟಿ, ಸೈಕಲ್ ಓಡಿಸುತ್ತ ಒಂದು ಕೈ ಬಿಟ್ಟು ಅದಕ್ಕೆ ಗುದ್ದುವುದನ್ನು ಕಲಿತೆವು. ಯುರೋಪಿನಲ್ಲಿ ಎಲ್ಲರೂ ಹೀಗೇ ಕಲಿಯುತ್ತಾರೆ ಎಂದುಕೊಂಡಿದ್ದೆವು.

ನನ್ನ ಜೊತೆ ಕಲಿತವರಲ್ಲಿ ಚೀಲ ಹರಿಯುವಂತೆ ಗುದ್ದುತ್ತಿದ್ದವನು ಮಮದಾಪುರದವನೊಬ್ಬನೇ. ಕುರಿ ಕಾಯುವವರ ಮನೆಯವನು, ಮಾತು ಕಡಿಮೆ, ತೊಡೆ ಮಾತ್ರ ಬೇವಿನ ಬೊಡ್ಡೆಯಂಥವು.

ಆ ವರ್ಷ ರಾಜ್ಯದ ತಂಡದಲ್ಲಿ ಒಂದೇ ಜಾಗ ಖಾಲಿ ಇತ್ತು. ವಿಜಯಪುರದಿಂದ ತಿಕೋಟಾ, ಅಲ್ಲಿ ಎಡಕ್ಕೆ ಹೊರಳಿ ಬಬಲೇಶ್ವರ, ಮತ್ತೆ ವಿಜಯಪುರ. ಮೊದಲು ಮುಟ್ಟಿದವನಿಗೆ ಜಾಗ. ವಯಸ್ಸಿನ ಲೆಕ್ಕದಲ್ಲಿ ನನಗದು ಕಡೆಯ ಸಲ. ತಪ್ಪಿದರೆ ಜೀವನವಿಡೀ ಅಪ್ಪನ ಅಂಗಡಿಯಲ್ಲಿ ಹಗ್ಗ ಅಳೆಯುತ್ತ ಕೂರಬೇಕು.

ರೇಸಿನ ದಿನ ತೊಡೆಸಂದಿಗೆ ಬೆಣ್ಣೆ ಹಚ್ಚಿಕೊಳ್ಳುವುದು ನಮ್ಮ ಪದ್ಧತಿ, ಸೀಟು ಉಜ್ಜಿ ಚರ್ಮ ಸುಲಿಯಬಾರದೆಂದು. ಮಮದಾಪುರದವನ ಬೆಣ್ಣೆಯ ಡಬ್ಬಿಯಲ್ಲಿ ನಾನು ಮೈಕೈನೋವಿನ ಮುಲಾಮು ಕಲಸಿಟ್ಟೆ. ನಗಬೇಡಿ. ಸರಿ, ನಗಿ.

ತಿಕೋಟಾದಲ್ಲಿ ಹೊರಳುತ್ತಲೇ ಬಲಗಡೆಯಿಂದ ಗಾಳಿ ಬಂತು. ಕಪ್ಪು ಹೊಲದ ಮೇಲೆ ತಡೆಯಿಲ್ಲದೆ ಬರುವ ಗಾಳಿ ಅದು, ಎತ್ತುಗಳೂ ಮುಖ ತಿರುಗಿಸುತ್ತವೆ. ಅಂಥ ಗಾಳಿಯಲ್ಲಿ ಸೈಕಲ್ಲುಗಳು ರಸ್ತೆಯ ಅಡ್ಡಕ್ಕೆ ಓರೆ ಸಾಲಾಗುತ್ತವೆ. ಒಬ್ಬನ ಮರೆಯಲ್ಲಿ ಇನ್ನೊಬ್ಬ. ರಸ್ತೆಯ ಅಗಲ ಮುಗಿದಲ್ಲಿ ಮರೆಯೂ ಮುಗಿಯಿತು. ಉಳಿದವನು ಗಾಳಿಗೆ ಸಿಕ್ಕು ಹಿಂದೆ ಬೀಳಬೇಕು, ಇಲ್ಲವೇ ಒಳಗಿರುವವನನ್ನು ಹೊರಗೆ ದಬ್ಬಬೇಕು. ನಾವು ದಬ್ಬಿದೆವು. ಮೊಣಕೈಗೆ ಮೊಣಕೈ, ತಲೆಗೆ ತಲೆ. ಒಬ್ಬ ಖಡಿಗಲ್ಲಿನ ಮೇಲೆ ಬಿದ್ದ, ಅವನ ಮೇಲೆ ಮೂವರು ಬಿದ್ದರು. ಯಾರದೋ ಬೆರಳು ಚಕ್ರದ ಕಡ್ಡಿಗಳಲ್ಲಿ ಸಿಕ್ಕ ಸದ್ದು ಕೇಳಿತು, ಹಸಿ ಕಬ್ಬು ಮುರಿದಂತೆ. ತಂಡದ ಆಯ್ಕೆಗೆ ಬಂದಿದ್ದ ಸಾಹೇಬರ ಜೀಪು ಬಿದ್ದವರ ಹತ್ತಿರ ನಿಂತಿತು. ನಾವು ತಿರುಗಿ ನೋಡಲಿಲ್ಲ. ನಾವು ಎಂದರೆ ಇಬ್ಬರೇ, ಬಲಕ್ಕೆ ಅವನು, ಅವನ ಎಡಮರೆಗೆ ನಾನು.

ಅಷ್ಟರಲ್ಲಿ ಮುಲಾಮು ಅವನಿಗೆ ಹತ್ತಿತ್ತು.

"ಏನ ಕಲಸಿದ್ಯೋ ಬೆಣ್ಯಾಗ?"

"ನಾ ಏನ ಮಾಡ್ಲಿ? ನಿನ್ನ ಕುಂಡಿ ಭಾಳ ನಾಜೂಕ ಐತಿ."

"ಲೇ, ಬೆಂಕಿ ಬಿದ್ದಂಗ ಆಗೈತಿ."

"ಹಂಗಾರ ಜೋರ ತುಳಿ. ಬಬಲೇಶ್ವರದಾಗ ನೀರ ಅದಾವು."

ಅವನು ಹೊಡೆದ. ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಸೊಂಟದಿಂದ ಹೊರಳಿ, ಬಲಗೈ ಮುಷ್ಟಿಯನ್ನು ನನ್ನ ಬಾಯಿಗೆ ಕೊಟ್ಟ. ಎರಡು ಹಲ್ಲು ನಾಲಿಗೆಯ ಮೇಲೆ ಬಂದವು, ಉಗುಳಿದೆ. ಸೈಕಲ್ಲಿಗೆ ಸಿಕ್ಕಿಸಿದ್ದ ಗಾಳಿಪಂಪನ್ನು ಕಿತ್ತು ಅವನ ಎಡಹೆಗಲಿಗೆ ಬೀಸಿದೆ. ಪಂಪು ಎರಡು ತುಂಡಾಯಿತು, ಹೆಗಲೊಳಗಿನ ಎಲುಬೂ ಎರಡಾಯಿತು. ಎರಡು ಸೈಕಲ್ಲುಗಳೂ ಒಂದಕ್ಕೊಂದು ಹೆಣೆದುಕೊಂಡು ಬಿದ್ದವು. ಖಡಿಯ ಮೇಲೆ ಜಾರುವಾಗ ನನ್ನ ತೊಡೆಯ ಚರ್ಮ ಅಂಗೈಯಗಲ ಕಿತ್ತು ಹೋಯಿತು. ಬಿದ್ದಲ್ಲೇ ಅವನು ನನ್ನ ಕೂದಲು ಹಿಡಿದ, ನಾನು ಅವನ ಕೈ ಕಚ್ಚಿದೆ. ಉಳಿದ ಹಲ್ಲುಗಳು ಕೆಲಸಕ್ಕೆ ಬಂದವು.

ನಾನು ಎದ್ದೆ. ಅವನಿಂದ ಏಳಲಾಗಲಿಲ್ಲ. ವಕ್ರವಾದ ಹ್ಯಾಂಡಲನ್ನು ಮೊಣಕಾಲಿನಿಂದ ಒತ್ತಿ ನೆಟ್ಟಗೆ ಮಾಡಿ, ಬಬಲೇಶ್ವರದ ಜನರ ನಡುವೆ ರಕ್ತ ಉಗುಳುತ್ತ ಹೊರಳಿ, ವಿಜಯಪುರಕ್ಕೆ ಮೊದಲು ಮುಟ್ಟಿದೆ. ಸ್ಟೇಷನ್ ರಸ್ತೆಯಲ್ಲಿ ನನ್ನನ್ನು ನೋಡಿದ ಮೇಸ್ತ್ರಿಗೆ ಕಣ್ಣಲ್ಲಿ ನೀರು. "ಈಗ ನೋಡ್, ಗ್ವಾಡೀಗಿ ಹಚ್ಚೂಹಂಗ ಆಗೀದಿ!"

ತಾಸಿನ ಮೇಲೆ ಜೀಪು ಬಂತು, ಅವನನ್ನು ಹಿಂದೆ ಮಲಗಿಸಿಕೊಂಡು. ಸಾಹೇಬರ ಕೈಯಲ್ಲಿ ಪಂಪಿನ ತುಂಡುಗಳು.

"ಮದಲ ಕೈ ಮಾಡಿದವ ಯಾರು? ಅವ ಇವತ್ತಿನಿಂದ ರೇಸಿಗೆ ಇಲ್ಲ. ಈ ವರ್ಷ ಅಷ್ಟ ಅಲ್ಲ, ಎಂದೂ ಇಲ್ಲ."

ನಾನು ರಕ್ತದ ಬಾಯಿ ತೆರೆದು, ಬೆರಳು ಮಾಡಿ ಅವನನ್ನು ತೋರಿಸಿದೆ.

"ನೀ ಏನಂತೀಯಪ್ಪ?" ಸಾಹೇಬರು ಅವನನ್ನು ಕೇಳಿದರು. ಅವನು ಜೀಪಿನ ಮೇಲ್ಚಾವಣಿ ನೋಡುತ್ತಲೇ ಮಲಗಿದ್ದ. ಜಾಗ ನನಗಾಯಿತು. ಹತ್ತು ವರ್ಷ ರಾಜ್ಯದ ಅಂಗಿ ತೊಟ್ಟೆ. ಅವನು ಮಮದಾಪುರಕ್ಕೆ, ಕುರಿಗಳ ಹಿಂದೆ ಹೋದ.

ಹೋದ ತಿಂಗಳು ನಗರದ ಸೈಕ್ಲಿಸ್ಟರು ಹಳಬರಿಗೆ ಶಾಲು ಹೊದಿಸಿದರು. ಅವನನ್ನೂ ಕರೆಸಿದ್ದರು, ನನ್ನ ಪಕ್ಕದ ಕುರ್ಚಿ. ಮೈಕು ಸಿಕ್ಕಿದ ಮೇಲೆ ನಾನು ಬಿಡುತ್ತೇನೆಯೇ? ನಿಮಗೆ ಹೇಳಿದ್ದನ್ನೇ ಹೇಳಿದೆ, ಬೆಣ್ಣೆಯೂ ಸೇರಿ. ಸಭೆ ಬಿದ್ದು ಬಿದ್ದು ನಕ್ಕಿತು. ಸೈಕಲ್ಲಿನ ಹುಡುಗಿಯೊಬ್ಬಳು ಎದ್ದು ಅವನನ್ನೇ ಕೇಳಿದಳು, "ಅಜ್ಜಾರ, ಖರೇನ ನೀವ ಮದಲ ಬಡದ್ರ್ಯಾ?"

ಅವನು ಶಾಲನ್ನು ಎಡಹೆಗಲಿನ ಗಂಟಿನ ಮೇಲೆ ಎಳೆದುಕೊಂಡ. "ಹೂಂ ಯವ್ವಾ. ನಾನ ಮದಲ ಬಡದೆ," ಎಂದ. ಮೇಜಿನ ಕೆಳಗೆ ನನ್ನ ತೊಡೆಯನ್ನು ಹಿಡಿದು ಹಿಂಡಿದ. ಕಣ್ಣಿಗೆ ಕತ್ತಲೆ ಬಂತು. ಇಂದಿಗೂ ಅಲ್ಲಿ ಕಪ್ಪಗಿದೆ.

ನಿಮಗೆ ಹೇಳಿದ್ದರಲ್ಲಿ ನಾನು ಕಟ್ಟಿದ್ದು ಒಂದೇ ಮಾತು, ಏಟುಗಳ ಸರದಿ. ಪಂಪು ಮೊದಲು, ಮುಷ್ಟಿ ಆಮೇಲೆ. ಹೆಗಲು ಮುರಿದ ಎಡಗೈಯಲ್ಲಿ ಹ್ಯಾಂಡಲ್ ಹಿಡಿದೇ ಅವನು ನನ್ನ ಹಲ್ಲು ಉದುರಿಸಿದ.